ನಿಮಗೆ ಎಷ್ಟು ಮಕ್ಕಳು?

ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಆಫೀಸಿನ ಹೊಸ ಟೀಮಿನ ಮೊದಲ ವಿಡಿಯೊ ಕಾಲ್‌ನಲ್ಲಿ, ಎಲ್ಲ ಕಡೆ ಈ ಪ್ರಶ್ನೆ ಬಂದೇ ಬರುತ್ತದೆ. ಕೇಳುವವರಿಗೆ ಅದು ಮಾತಿಗೊಂದು ನೆಪ ಅಷ್ಟೆ. ನಾನು ಮಾತ್ರ ಬಹಳ ದಿನ ಉತ್ತರ ಕೊಡುವ ಮುಂಚೆ ಲೆಕ್ಕ ಹಾಕುತ್ತಿದ್ದೆ. ಎದುರಿಗಿರುವವರು ಯಾರು, ನಿಜ ಹೇಳಿದರೆ ಅವರ ಮುಖ ಬಾಡಿ, ಕೊನೆಗೆ ನಾನೇ ಅವರಿಗೆ ಸಮಾಧಾನ ಹೇಳಬೇಕಾಗುತ್ತದಾ ಅಂತ. ಇತ್ತೀಚೆಗೆ ಆ ಲೆಕ್ಕ ಬಿಟ್ಟಿದ್ದೇನೆ. "ಇಬ್ಬರು. ದೊಡ್ಡವಳು ಇಲ್ಲ, ಎರಡನೆಯವನಿಗೆ ಒಂದೂವರೆ ವರ್ಷ" ಅಂತ ಹೇಳಿಬಿಡುತ್ತೇನೆ.

ದೊಡ್ಡವಳು ನಮ್ಮ ಜೊತೆ ಇದ್ದದ್ದು ಏಳು ತಿಂಗಳು ಹನ್ನೊಂದು ದಿನ. 2022ರ ಸಂಕ್ರಾಂತಿಯ ವಾರದಲ್ಲಿ ಹುಟ್ಟಿದಳು, ಶ್ರಾವಣ ಮುಗಿಯುವ ಹೊತ್ತಿಗೆ ಹೋದಳು. ಮನೆಯಲ್ಲಿ ಎಲ್ಲರೂ ಪುಟ್ಟಿ ಅಂತಿದ್ದೆವು, ಇಲ್ಲೂ ಹಾಗೇ ಕರೆಯುತ್ತೇನೆ. ಅವಳಿಗಿದ್ದದ್ದು ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ, ಚಿಕ್ಕದಾಗಿ ಎಸ್‌ಎಂಎ. ಅದರಲ್ಲೂ ಮೊದಲನೇ ಟೈಪ್, ಅಂದರೆ ಆರು ತಿಂಗಳೊಳಗೇ ಕಾಣಿಸಿಕೊಳ್ಳುವಂಥದ್ದು.

ನಮ್ಮದು ಶಿರಾಳಕೊಪ್ಪ. ನಾನು ಬೆಂಗಳೂರಿನ ಕಂಪನಿಯೊಂದಕ್ಕೆ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತೇನೆ. ಕೊರೊನಾ ಕಾಲದಲ್ಲಿ ಲ್ಯಾಪ್‌ಟಾಪ್ ಹಿಡಿದುಕೊಂಡು ಗಂಡನ ಊರಿಗೆ ಬಂದವಳು, ವಾಪಸ್ ಹೋಗಲಿಲ್ಲ. ಇವರದ್ದು ಶಿಕಾರಿಪುರದಲ್ಲಿ ಬ್ಯಾಂಕ್ ಕೆಲಸ. ಇಂಥ ಮನೆಗಳು ಈಗ ಎಲ್ಲ ತಾಲ್ಲೂಕಿನಲ್ಲೂ ಇವೆ. ಇದನ್ನು ಓದುತ್ತಿರುವ ನಿಮ್ಮಲ್ಲಿ ಎಷ್ಟೋ ಜನರದ್ದು ಹಿಂಗೇ ಇರಬಹುದು.

ಹುಟ್ಟಿದಾಗ ಪುಟ್ಟಿ ಎರಡು ಕೆ.ಜಿ. ಒಂಬೈನೂರು ಗ್ರಾಂ. ಎಲ್ಲ ಸರಿಯಾಗಿತ್ತು. ಎರಡನೇ ತಿಂಗಳಲ್ಲಿ ಅತ್ತೆ ಮೊದಲು ಗಮನಿಸಿದರು: ಎಣ್ಣೆ ಹಚ್ಚಿ ಕಾಲು ಮೇಲೆ ಮಲಗಿಸಿಕೊಂಡರೆ ಮಗು ಒದೆಯುವುದಿಲ್ಲ. ಬೇರೆ ಮಕ್ಕಳು ನೀರು ಹಾಕುವಾಗ ಮನೆ ಕಿತ್ತುಹೋಗುವ ಹಾಗೆ ಅಳುತ್ತವೆ, ಇವಳ ಅಳು ಬೆಕ್ಕಿನ ಮರಿಯದ್ದರಂತೆ. ಕಾಲುಗಳು ಎರಡೂ ಕಡೆ ಬಿಚ್ಚಿ ಬಿದ್ದುಕೊಂಡಿರುತ್ತಿದ್ದವು. ಎತ್ತಿಕೊಂಡರೆ ಕತ್ತು ನಿಲ್ಲುತ್ತಿರಲಿಲ್ಲ. "ಸೋಮಾರಿ ಮಗು, ನಿಧಾನಕ್ಕೆ ಆಡ್ತಾಳೆ ಬಿಡವಾ" ಅಂದವರೂ ಇದ್ದರು, ದೃಷ್ಟಿ ತೆಗೆದವರೂ ಇದ್ದರು. ತೋರಿಸಿದ ಮೊದಲ ಡಾಕ್ಟರು ಒಂದು ತಿಂಗಳು ನೋಡೋಣ ಅಂದರು. ಅತ್ತೆಗೆ ಸಮಾಧಾನ ಇರಲಿಲ್ಲ. "ನಾನು ನಾಲ್ಕು ಹೆತ್ತು, ಊರಿನ ನಲವತ್ತು ಕೂಸಿಗೆ ನೀರು ಹಾಕೀನಿ. ಇದು ಸೋಮಾರಿತನ ಅಲ್ಲ" ಅಂತ ಹಟ ಹಿಡಿದು ಶಿವಮೊಗ್ಗಕ್ಕೆ ಹೊರಡಿಸಿದರು.

ಅಲ್ಲಿಯ ಮಕ್ಕಳ ಡಾಕ್ಟರು ಪುಟ್ಟಿಯನ್ನು ಅಂಗಾತ ಮಲಗಿಸಿ ಸುಮ್ಮನೆ ನೋಡುತ್ತಾ ನಿಂತರು. ಎದೆ ಒಳಗೆ ಹೋಗುತ್ತಿತ್ತು, ಹೊಟ್ಟೆ ಮೇಲೆ ಬರುತ್ತಿತ್ತು. ನಾಲಿಗೆ ಸಣ್ಣಗೆ ನಡುಗುತ್ತಿತ್ತು. ಸುತ್ತಿಗೆಯಿಂದ ಮೊಣಕಾಲು ತಟ್ಟಿದರೆ ಏನೂ ಆಗಲಿಲ್ಲ. ಅಷ್ಟರಲ್ಲೇ ಅವರಿಗೆ ಗೊತ್ತಾಗಿತ್ತು ಅಂತ ಆಮೇಲೆ ನಮಗೆ ತಿಳಿಯಿತು. ರಕ್ತ ಬೆಂಗಳೂರಿಗೆ ಹೋಯಿತು. ಮೇ ತಿಂಗಳಲ್ಲಿ ರಿಪೋರ್ಟ್ ಬಂತು.

ಸೋದರಿಕೆ ಮದುವೆನಾ?

ರಿಪೋರ್ಟ್ ವಿಷಯ ಗೊತ್ತಾದವರೆಲ್ಲ ಮೊದಲು ಕೇಳಿದ್ದು ಇದನ್ನೇ. ಅಲ್ಲ. ನಾನು ಹಾವೇರಿ ಕಡೆಯವಳು, ಇವರದ್ದು ಶಿರಾಳಕೊಪ್ಪ. ಏಳು ತಲೆಮಾರು ಹುಡುಕಿದರೂ ಸಂಬಂಧ ಸಿಗುವುದಿಲ್ಲ.

ನಮ್ಮ ದೇಹದಲ್ಲಿ ಪ್ರತಿ ಜೀನೂ ಜೋಡಿಯಾಗಿರುತ್ತದೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಎಸ್‌ಎಂಎನ್1 ಅನ್ನುವ ಜೀನ್ ಬೆನ್ನುಹುರಿಯಲ್ಲಿರುವ, ಸ್ನಾಯುಗಳಿಗೆ 'ಆಡು' ಅಂತ ಹೇಳುವ ನರಕೋಶಗಳನ್ನು ಕಾಯುತ್ತದೆ. ಒಂದು ಪ್ರತಿ ಕೆಟ್ಟಿದ್ದು ಇನ್ನೊಂದು ಸರಿಯಿದ್ದರೆ ಮನುಷ್ಯನಿಗೆ ಏನೂ ಆಗುವುದಿಲ್ಲ, ಜೀವಮಾನ ಪೂರ್ತಿ ಗೊತ್ತೂ ಆಗುವುದಿಲ್ಲ. ಅಂಥವರನ್ನು ವಾಹಕರು ಅಂತಾರೆ. ಜಗತ್ತಿನಲ್ಲಿ ಸುಮಾರು 40ರಿಂದ 60 ಜನರಲ್ಲಿ ಒಬ್ಬರು ಎಸ್‌ಎಂಎ ವಾಹಕರು. ಅಂದರೆ ನೀವು ಹತ್ತುವ ಒಂದು ತುಂಬಿದ ಬಸ್ಸಿನಲ್ಲಿ ಒಬ್ಬರಾದರೂ ಇರುವ ಸಾಧ್ಯತೆ ಸಾಕಷ್ಟಿದೆ. ಇಬ್ಬರು ವಾಹಕರು ಮದುವೆಯಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಎರಡೂ ಕೆಟ್ಟ ಪ್ರತಿ ಸಿಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹುಟ್ಟುವ ಮಕ್ಕಳಲ್ಲಿ ಸುಮಾರು 10,000ಕ್ಕೆ ಒಂದು ಮಗುವಿಗೆ ಹೀಗಾಗುತ್ತದೆ.

ಸೋದರಿಕೆಯಲ್ಲಿ ಇಂಥ ಜೀನುಗಳು ಒಟ್ಟಿಗೆ ಸೇರುವ ಸಂಭವ ಹೆಚ್ಚು, ಅದು ನಿಜ. ಕರ್ನಾಟಕದಲ್ಲಿ ಕಾಲು ಭಾಗಕ್ಕೂ ಹೆಚ್ಚು ಮದುವೆಗಳು ರಕ್ತಸಂಬಂಧದೊಳಗೇ ಆಗುತ್ತವೆ ಅನ್ನುತ್ತದೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಆದರೆ ಎಸ್‌ಎಂಎ ವಿಷಯದಲ್ಲಿ ವಾಹಕರೇ ಇಷ್ಟು ಜನ ಇರುವುದರಿಂದ, ಸಂಬಂಧವೇ ಇಲ್ಲದ ನಮ್ಮಂಥ ಜೋಡಿಗೂ ಬರುತ್ತದೆ. ಇದನ್ನು ನಾನು ಒಂದು ವರ್ಷ ನೂರು ಸಲ ವಿವರಿಸಿದ್ದೇನೆ. ಕೇಳಿದವರು ತಲೆ ಆಡಿಸಿ, "ಹಂಗಾದ್ರೆ ಯಾರ ಕಡೆಯಿಂದ ಬಂದಿದ್ದು?" ಅಂತ ಮತ್ತೆ ಕೇಳುತ್ತಿದ್ದರು. ಎರಡೂ ಕಡೆಯಿಂದ ಕಣ್ರೀ, ಸಮಸಮ.

ನಮ್ಮ ಜಿಲ್ಲೆಯವರಿಗೆ ವಂಶದಲ್ಲಿ ಬರುವ ಕಾಯಿಲೆ ಅಂದರೆ ನೆನಪಾಗುವುದು ಸಾಗರದ ಹತ್ತಿರದ ಹಂದಿಗೋಡು. 1975ರ ಸುಮಾರಿಗೆ ಅಲ್ಲಿ ಸೊಂಟ, ಮೊಣಕಾಲಿನ ಕೀಲು ಕೆಟ್ಟು ಜನ ನಡೆಯಲಾರದೆ ಹೋದಾಗ, ಗದ್ದೆಯ ಏಡಿ ತಿಂದಿದ್ದಕ್ಕೆ, ಗದ್ದೆಗೆ ಹೊಡೆದ ಔಷಧಿಗೆ ಹಿಂಗಾಯ್ತು ಅಂದುಕೊಂಡಿದ್ದರು. ಆಮೇಲೆ ಅದು ವಂಶವಾಹಿ ಕಾಯಿಲೆ ಅಂತ ತಿಳಿಯಿತು. ಅದು ಬರುವ ರೀತಿ ಬೇರೆ, ಅಪ್ಪ–ಅಮ್ಮ ಇಬ್ಬರಲ್ಲಿ ಒಬ್ಬರಲ್ಲಿದ್ದರೂ ಮಗುವಿಗೆ ಬರಬಹುದು. "ಹಂದಿಗೋಡಿನ ತರದ್ದಾ?" ಅಂತ ನಮ್ಮನ್ನು ಕೇಳಿದವರಿಗೆ ಕೆಟ್ಟ ಉದ್ದೇಶ ಇರಲಿಲ್ಲ. ಆದರೆ ಆ ಊರಿನ ಹೆಸರನ್ನು ಒಂದು ರೋಗದ ಹೆಸರು ಮಾಡಿ ಐವತ್ತು ವರ್ಷ ಬಳಸಿದ್ದೇವಲ್ಲ, ಅಲ್ಲಿಯ ಹೆಣ್ಣುಮಕ್ಕಳು, ಗಂಡುಮಕ್ಕಳು ಮದುವೆ ಮಾತುಕತೆಗೆ ಕೂತಾಗ ಏನೇನು ಕೇಳಿಸಿಕೊಂಡಿರಬಹುದು ಅನ್ನುವುದು ನನಗೆ ಆಗ ಮೊದಲ ಸಲ ಹೊಳೆಯಿತು.

ಹದಿನಾರು ಕೋಟಿ

ಎಸ್‌ಎಂಎ ಅಂತ ಫೋನಿನಲ್ಲಿ ಹುಡುಕಿದರೆ ಮೊದಲು ಬರುವುದು ಈ ಅಂಕಿ. 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಜೀನ್ ಚಿಕಿತ್ಸೆ, ಜೀವಮಾನಕ್ಕೆ ಒಂದೇ ಇಂಜೆಕ್ಷನ್, ಬೆಲೆ ನಮ್ಮ ದುಡ್ಡಿನಲ್ಲಿ ಸುಮಾರು 16 ಕೋಟಿ. ಬಾಯಿಗೆ ಹಾಕುವ ಇನ್ನೊಂದು ಔಷಧಿ, ರಿಸ್ಡಿಪ್ಲಾಮ್, 2021ರಲ್ಲಿ ಭಾರತಕ್ಕೆ ಬಂದಿತ್ತು. ಒಂದು ಬಾಟಲಿಗೆ 6 ಲಕ್ಷದ ಆಸುಪಾಸು, ದಿನಾ ಕೊಡಬೇಕು, ಬದುಕಿರುವವರೆಗೂ ಕೊಡಬೇಕು. ಅಪರೂಪದ ಕಾಯಿಲೆಗಳಿಗೆ ಅಂತಲೇ ಕೇಂದ್ರ ಸರ್ಕಾರ 2021ರಲ್ಲಿ ನೀತಿ ತಂದಿತ್ತು. 2022ರ ಮೇ ತಿಂಗಳಲ್ಲಿ ನೆರವಿನ ಮಿತಿಯನ್ನು 50 ಲಕ್ಷಕ್ಕೆ ಏರಿಸಿದರು. ಕರ್ನಾಟಕದವರಿಗೆ ಅದರ ಕೇಂದ್ರ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ.

ಆ ವಾರ ನಮ್ಮ ವಾಟ್ಸಾಪ್‌ಗೆ ಬಂದ ಲಿಂಕುಗಳಿಗೆ ಲೆಕ್ಕ ಇಲ್ಲ. ಎಲ್ಲೋ ಒಂದು ಮಗುವಿಗೆ ಜನರೇ ಹದಿನಾರು ಕೋಟಿ ಕೂಡಿಸಿ ಕೊಟ್ಟ ಸುದ್ದಿ. "ನೀವೂ ಹಾಕಿ, ನಾನು ಶೇರ್ ಮಾಡ್ತೀನಿ." ಹಾಕಬೇಕು ಅಂತಲೇ ಇದ್ದೆವು. ಇವರು ಬ್ಯಾಂಕಿನವರಲ್ಲವಾ, ಒಂದು ರಾತ್ರಿ ಕೂತು ಲೆಕ್ಕ ಮಾಡಿದರು: ತಲಾ ನೂರು ರೂಪಾಯಿಯಂತೆ ಹದಿನಾರು ಲಕ್ಷ ಜನ. ಕ್ಯಾಲ್ಕುಲೇಟರ್ ಪಕ್ಕಕ್ಕಿಟ್ಟು ಸುಮ್ಮನೆ ಕೂತರು.

ಮಾರನೇ ದಿನ ಶಿವಮೊಗ್ಗದ ಡಾಕ್ಟರಿಗೆ ನೇರವಾಗಿಯೇ ಕೇಳಿದೆವು. ಅವರು ಸುತ್ತಿ ಬಳಸಿ ಹೇಳುವವರಲ್ಲ. ಸತ್ತ ನರಕೋಶ ಯಾವ ಔಷಧಿಯಿಂದಲೂ ವಾಪಸ್ ಬರುವುದಿಲ್ಲ, ಉಳಿದದ್ದನ್ನು ಉಳಿಸಬಹುದು ಅಷ್ಟೆ. ಈ ಔಷಧಿಗಳು ಹುಟ್ಟಿದ ಕೂಡಲೇ, ಲಕ್ಷಣ ಕಾಣುವ ಮುಂಚೆಯೇ ಸಿಕ್ಕಿದರೆ ದೊಡ್ಡ ಪವಾಡ. ಪುಟ್ಟಿಯ ಉಸಿರಾಟ ಆಗಲೇ ಬಹಳ ಸೋತಿತ್ತು. ನೆರವಿನ ಕಾಗದಪತ್ರ ಜೋಡಿಸೋಣ, ನಾನೂ ಬರೆದುಕೊಡ್ತೀನಿ, ಆದರೆ ಕಾಗದದ ಹಿಂದೆ ಓಡುತ್ತಾ ಇರುವ ದಿನಗಳನ್ನು ಕಳೆದುಕೊಳ್ಳಬೇಡಿ ಅಂದರು. ಆಮೇಲೆ ಇನ್ನೂ ಕಷ್ಟದ ಪ್ರಶ್ನೆ ಕೇಳಿದರು. ಉಸಿರು ನಿಲ್ಲುವ ಹಾಗಾದರೆ ವೆಂಟಿಲೇಟರ್ ಹಾಕಬೇಕಾ, ಗಂಟಲಿಗೆ ತೂತು ಮಾಡಿ ಮಷಿನ್ ಮೇಲೆ ಇಡಬೇಕಾ, ಬೇಡವಾ? ಈಗಲೇ ಯೋಚನೆ ಮಾಡಿ, ಆ ರಾತ್ರಿ ಬಂದಾಗ ಯೋಚನೆ ಮಾಡೋಕೆ ಆಗಲ್ಲ.

ಹದಿನೈದು ದಿನ ನಾವಿಬ್ಬರೂ ಇದೇ ಮಾತಾಡಿದೆವು. ಬೇಡ ಅಂತ ತೀರ್ಮಾನಿಸಿದೆವು. ಐಸಿಯುನಲ್ಲಿ ಗಾಜಿನ ಆಚೆ ನಿಂತು ನೋಡುವುದಕ್ಕಿಂತ ಮನೆಯಲ್ಲಿ ಮಡಿಲಲ್ಲಿರಲಿ ಅಂತ. ಬೇರೆ ಅಪ್ಪ–ಅಮ್ಮ ಬೇರೆ ತೀರ್ಮಾನ ಮಾಡುತ್ತಾರೆ. ಮಷಿನ್ ಮೇಲೆ ವರ್ಷಗಟ್ಟಲೆ ಮಗುವನ್ನು ನಗುನಗುತ್ತಾ ಬೆಳೆಸಿದವರು ಇದ್ದಾರೆ, ಅವರ ಕಾಲಿಗೆ ನಮಸ್ಕಾರ. ಎರಡರಲ್ಲಿ ಯಾವುದಕ್ಕೂ 'ಕೈಬಿಟ್ಟರು' ಅನ್ನುವ ಮಾತು ಹೊಂದುವುದಿಲ್ಲ ಅನ್ನುವುದಷ್ಟೇ ನನ್ನ ಅಭಿಪ್ರಾಯ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. 2025ರ ಅಕ್ಟೋಬರಿನಲ್ಲಿ ದೆಹಲಿ ಹೈಕೋರ್ಟಿನ ತೀರ್ಪಿನ ನಂತರ ರಿಸ್ಡಿಪ್ಲಾಮ್‌ನ ಭಾರತೀಯ ಜೆನೆರಿಕ್ ಔಷಧಿ ಮಾರುಕಟ್ಟೆಗೆ ಬಂತು. ಬಾಟಲಿಗೆ 15,900 ರೂಪಾಯಿ. ಆ ಸುದ್ದಿ ಓದಿದಾಗ ನಾನು ಮಗನಿಗೆ ಅನ್ನ ಕಲಸುತ್ತಿದ್ದೆ. ಖುಷಿಯಾಯಿತಾ, ಹೊಟ್ಟೆ ಉರಿಯಿತಾ ಅಂತ ಕೇಳಿದರೆ ಎರಡೂ. ಈಗ ನಿಮ್ಮ ಮನೆಯಲ್ಲೋ, ಗೆಳೆಯರ ಮನೆಯಲ್ಲೋ ಕೈಕಾಲು ಆಡಿಸದ, ಕತ್ತು ನಿಲ್ಲದ ಎಳೆಮಗು ಇದ್ದರೆ ಒಂದು ತಿಂಗಳು ನೋಡೋಣ ಅಂತ ಕೂರಬೇಡಿ. ಒಂದು ರಕ್ತ ಪರೀಕ್ಷೆ. ಈಗ ಅದಕ್ಕೆ ಅರ್ಥ ಇದೆ.

ಮನೆಯ ಮೂರು ತಿಂಗಳು

ಮೇ ಕೊನೆಯಿಂದ ಆಗಸ್ಟ್ ಕೊನೆಯವರೆಗೆ ಪುಟ್ಟಿ ಮನೆಯಲ್ಲೇ ಇದ್ದಳು. ಜನ ಈಗಲೂ "ಆ ದಿನ ನೆನೆಸ್ಕೋಬೇಡ" ಅಂತಾರೆ. ನನಗೆ ನೆನೆಸಿಕೊಳ್ಳಲು ಬಹಳ ಇಷ್ಟವಾದ ದಿನಗಳು ಅವೇ.

ಎಸ್‌ಎಂಎ ಮಕ್ಕಳ ಬುದ್ಧಿಗೆ ಏನೂ ಆಗಿರುವುದಿಲ್ಲ. ದೇಹ ಸುಮ್ಮನಾದಷ್ಟೂ ಕಣ್ಣು ಚುರುಕು. ಪುಟ್ಟಿ ಕಣ್ಣಲ್ಲೇ ಎಲ್ಲ ಮಾಡುತ್ತಿದ್ದಳು. ಫ್ಯಾನು ನೋಡುವಳು, ಅಜ್ಜಿಯ ಮೂಗುಬೊಟ್ಟು ನೋಡುವಳು, ನಾನು ಕಾಲ್‌ನಲ್ಲಿ ಇಂಗ್ಲಿಷಿನಲ್ಲಿ ಮಾತಾಡಿದರೆ ಹುಬ್ಬು ಗಂಟಿಕ್ಕುವಳು. ಅಪ್ಪನ ಬೈಕಿನ ಸದ್ದು ಬೀದಿ ತಿರುವಿನಲ್ಲಿ ಕೇಳಿದರೆ ಸಾಕು, ಬಾಯಿ ಅಗಲ ಮಾಡಿ ನಗು. ಸದ್ದು ಬಾರದ ನಗು, ಪೂರ್ತಿ ಮುಖದ ನಗು.

ನುಂಗಲು ಕಷ್ಟವಾದ ಮೇಲೆ ಮೂಗಿನಿಂದ ಹೊಟ್ಟೆಗೆ ಸಣ್ಣ ನಳಿಗೆ ಹಾಕಿಸಿಕೊಂಡು ಬಂದೆವು. ಎದೆಹಾಲು ತೆಗೆದು ಸಿರಿಂಜಿನಲ್ಲಿ ನಿಧಾನಕ್ಕೆ ಬಿಡುವುದು. ಗಂಟಲಲ್ಲಿ ಕಫ ನಿಂತರೆ ಸಕ್ಷನ್ ಮಷಿನ್‌ನಲ್ಲಿ ಎಳೆಯುವುದು. ಕೊರೊನಾ ಟೈಮಲ್ಲಿ ತಂದಿದ್ದ ಆಕ್ಸಿಮೀಟರ್ ಕಾಲಿನ ಹೆಬ್ಬೆಟ್ಟಿಗೆ ಕಟ್ಟುವುದು. ಡಾಕ್ಟರು ಮತ್ತು ಅವರ ನರ್ಸ್ ವಿಡಿಯೊ ಕಾಲ್‌ನಲ್ಲೇ ಎಲ್ಲ ಕಲಿಸಿದರು. ಇದಕ್ಕೆ ಪ್ಯಾಲಿಯೇಟಿವ್ ಕೇರ್ ಅಂತಾರೆ, ಉಪಶಾಮಕ ಆರೈಕೆ. ಚಿಕಿತ್ಸೆ ನಿಲ್ಲಿಸುವುದು ಅಂತ ಎಷ್ಟೋ ಜನ ತಿಳಿದಿದ್ದಾರೆ. ಅಲ್ಲ. ನೋವು, ಉಸಿರಿನ ಸಂಕಟ, ಹಸಿವು ಇದೆಲ್ಲವನ್ನೂ ಕಡಿಮೆ ಮಾಡುವುದೇ ಆಗ ಚಿಕಿತ್ಸೆ. ಮಕ್ಕಳಿಗೆ ಅಂತ ಇದನ್ನು ಮನೆಗೆ ಬಂದು ಮಾಡುವವರು ನಮ್ಮ ಕಡೆ ನಮಗೆ ಸಿಗಲಿಲ್ಲ, ಹಾಗಾಗಿ ಅತ್ತೆಯೇ ನರ್ಸ್ ಆದರು. ಅಕ್ಷರ ಓದಲು ಬಾರದ ಅತ್ತೆ ಆಕ್ಸಿಮೀಟರಿನ ಅಂಕಿ ಓದುವುದನ್ನು ಎರಡೇ ದಿನದಲ್ಲಿ ಕಲಿತರು. "ತೊಂಬತ್ತೊಂದು ಐತಿ, ಮಗ್ಗಲು ಮಾಡು" ಅಂತ ಅಡುಗೆ ಮನೆಯಿಂದಲೇ ಕೂಗುತ್ತಿದ್ದರು.

ಜುಲೈ ಮಳೆ ಹೇಗಿರುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಕರೆಂಟು ಹೋದರೆ ಯಾವಾಗ ಬರುತ್ತದೋ. ಸಕ್ಷನ್ ಮಷಿನ್‌ಗೆ ಕರೆಂಟು ಬೇಕೇ ಬೇಕು. ಪಕ್ಕದ ಮನೆಯ ಖಾಲಾ ಅವರ ಮಗನಿಗೆ ಬ್ಯಾಟರಿ ಅಂಗಡಿ ಇದೆ. ಒಂದು ರಾತ್ರಿ ಹನ್ನೊಂದಕ್ಕೆ ಮಳೆಯಲ್ಲೇ ಇನ್ವರ್ಟರ್ ಹೊತ್ತುಕೊಂಡು ಬಂದು ಜೋಡಿಸಿಕೊಟ್ಟ. ದುಡ್ಡು ಕೇಳಿದರೆ "ಆಮೇಲೆ ನೋಡೋಣ ಅಕ್ಕ" ಅಂದ. ಆ ಆಮೇಲೆ ಇನ್ನೂ ಬಂದಿಲ್ಲ. ಖಾಲಾ ದಿನಾ ಸಂಜೆ ಬಂದು ಪುಟ್ಟಿಯ ಪಕ್ಕ ಕೂತು, ಮಾರ್ಕೆಟ್ಟಿನ ಕತೆಯೆಲ್ಲ ಅವಳಿಗೇ ಹೇಳುವರು. ಶುಂಠಿ ರೇಟು ಬಿದ್ದಿದ್ದು, ಯಾರ ಮನೆಯಲ್ಲಿ ಮದುವೆ ಮುರಿದಿದ್ದು. ಪುಟ್ಟಿ ಕಣ್ಣು ಕದಲಿಸದೆ ಕೇಳುವಳು. ಅಷ್ಟು ಚೆನ್ನಾಗಿ ಕೇಳುವವರು ಖಾಲಾಗೆ ಬೇರೆ ಯಾರೂ ಇರಲಿಲ್ಲ.

ನನ್ನ ಹೆರಿಗೆ ರಜೆ, ಕಾನೂನಿನ 26 ವಾರ, ಜುಲೈನಲ್ಲೇ ಮುಗಿದಿತ್ತು. ತೊಟ್ಟಿಲ ಪಕ್ಕ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡಿದೆ.

ಆಗಸ್ಟಿನ ಮೂರನೇ ವಾರ ಶೀತವಾಯಿತು. ನಾಲ್ಕು ದಿನ. ಕೊನೆಯ ರಾತ್ರಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಮನೆಯಲ್ಲೇ ಇದ್ದಳು, ಡಾಕ್ಟರು ಫೋನಿನಲ್ಲಿ ನಮ್ಮ ಜೊತೆ ಇದ್ದರು, ಅವಳಿಗೆ ಸಂಕಟವಾಗದಂತೆ ಮಾಡಬೇಕಾದ್ದನ್ನು ಮಾಡಿದೆವು. ಬೆಳಗಿನ ಜಾವ ಅಪ್ಪನ ಎದೆಯ ಮೇಲೆ.

ಹೋದ ಕೂಸಿಗೆ ಹೆಸರು ಯಾಕೆ?

ನಮ್ಮದು ಮಣ್ಣು ಮಾಡುವ ಪದ್ಧತಿ. ಬಳ್ಳಿಗಾವಿ ರಸ್ತೆಯ ಕಡೆ ನಮ್ಮ ಗದ್ದೆಯ ಮೂಲೆಯಲ್ಲಿ, ಮಾವನ ಪಕ್ಕ ಮಲಗಿಸಿದರು. ದೊಡ್ಡವರು ಹೋದರೆ ಮೂರನೇ ದಿನ, ಹನ್ನೊಂದನೇ ದಿನ, ವರ್ಷದ ದಿನ ಅಂತ ಜನ ಬರುತ್ತಾರೆ, ಅಡುಗೆಯಾಗುತ್ತದೆ, ಹೋದವರ ಮಾತಾಗುತ್ತದೆ. ಹಾಲುಗೂಸಿಗೆ ಅದ್ಯಾವುದೂ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಮನೆ ಖಾಲಿ. ಅತ್ತೆ ತೊಟ್ಟಿಲು ಅಟ್ಟಕ್ಕೆ ಹಾಕಿಸಿದರು. ನನ್ನ ಕಣ್ಣಿಗೆ ಬೀಳಬಾರದು ಅಂತ ಯಾರೋ ಬಟ್ಟೆಗಳನ್ನೂ ಕೊಟ್ಟುಬಿಡಲು ಹೊರಟಿದ್ದರು, ಒಂದು ಹಳದಿ ಟೋಪಿ ಮಾತ್ರ ಹಿಡಿದಿಟ್ಟುಕೊಂಡೆ.

ನಮ್ಮ ಈ ಸೀಮೆಯಲ್ಲಿ ಸತ್ತವರನ್ನು ನೆನೆಯಲು ಕಲ್ಲು ನಿಲ್ಲಿಸುವುದು ಸಾವಿರ ವರ್ಷದ ರೂಢಿ. ಬಳ್ಳಿಗಾವಿಯ ಕೇದಾರೇಶ್ವರ ದೇವಸ್ಥಾನದ ಅಂಗಳಕ್ಕೆ ಹೋದರೆ ವೀರಗಲ್ಲುಗಳು ನಿಂತಿವೆ. ದನ ಕಾಯ್ದು ಸತ್ತವನಿಗೂ ಈ ನಾಡಿನಲ್ಲಿ ಕಲ್ಲುಂಟು, ಗಂಡನ ಜೊತೆ ಚಿತೆ ಏರಿದವಳಿಗೂ ಕಲ್ಲುಂಟು. ಎಳೆಮಕ್ಕಳಿಗೆ ನಿಲ್ಲಿಸಿದ ಒಂದು ಕಲ್ಲನ್ನೂ ನಾನು ನೋಡಿಲ್ಲ. ಆ ಕಾಲದಲ್ಲಿ ಅಷ್ಟು ಮಕ್ಕಳು ಹೋಗುತ್ತಿದ್ದವು, ಎಷ್ಟಕ್ಕೆ ಅಂತ ನಿಲ್ಲಿಸುತ್ತಾರೆ ಅಂತ ಇವರು ಹೇಳುತ್ತಾರೆ. ಇರಬಹುದು.

ಆಸ್ಪತ್ರೆಯ ಎಲ್ಲ ಕಾಗದದಲ್ಲೂ ಪುಟ್ಟಿ 'ಬೇಬಿ ಆಫ್' ಅಂತ ಹಾಕಿ ನನ್ನ ಹೆಸರು. ತೊಟ್ಟಿಲಿಗೆ ಹಾಕಿ ಹೆಸರಿಟ್ಟಿದ್ದೆವು, ಆದರೆ ಜನನ ಪ್ರಮಾಣಪತ್ರಕ್ಕೆ ಅದು ಸೇರಿರಲಿಲ್ಲ. ನಮ್ಮಲ್ಲಿ ಮಗುವಿಗೆ ಹೆಸರಿಡುವ ಮುಂಚೆಯೇ ಜನನ ನೋಂದಣಿ ಆಗುತ್ತದೆ. ಹುಟ್ಟಿದ 21 ದಿನದೊಳಗೆ ಮಾಡಿಸಬೇಕಲ್ಲ. ಹೆಸರನ್ನು ಆಮೇಲೆ ಸೇರಿಸಬಹುದು, ಹನ್ನೆರಡು ತಿಂಗಳವರೆಗೆ ಶುಲ್ಕವಿಲ್ಲ, ಅದಾದ ಮೇಲೆ ಶುಲ್ಕ ಕಟ್ಟಿ 15 ವರ್ಷದವರೆಗೂ ಆಗುತ್ತದೆ. ಮರಣ ನೋಂದಣಿಗೆ ಹೋಗುವ ಮುಂಚೆ ಹೆಸರು ಸೇರಿಸಬೇಕು ಅಂತ ನಾನು ಹಟ ಮಾಡಿದೆ. ಇವರ ಚಿಕ್ಕಪ್ಪ ಬೈದರು. "ಹೋದ ಕೂಸಿಗೆ ಹೆಸರು ಯಾಕೆ ಹಾಕಸ್ತೀರಪಾ, ಸುಮ್ಮನೆ ಅಲೆದಾಟ." ಇವರು ಉತ್ತರ ಕೊಡಲಿಲ್ಲ, ರಜೆ ಹಾಕಿ ಹೋದರು. ಅರ್ಜಿ ತಗೊಂಡ ಗುಮಾಸ್ತರು ಎರಡೂ ಕಾಗದ ನೋಡಿ, ಒಂದು ನಿಮಿಷ ಸುಮ್ಮನಿದ್ದು, ಹೆಸರಿನ ಅಕ್ಷರ ಸರಿ ಇದೆಯಾ ಅಂತ ಇವರಿಂದ ಎರಡು ಸಲ ಓದಿಸಿದರಂತೆ. ಹೆಸರಿರುವ ಜನನ ಪ್ರಮಾಣಪತ್ರ, ಹೆಸರಿರುವ ಮರಣ ಪ್ರಮಾಣಪತ್ರ, ಎರಡೂ ನಮ್ಮ ಕಪಾಟಿನ ಫೈಲಿನಲ್ಲಿವೆ. ಬಳಕೆ ಏನೂ ಇಲ್ಲ. ಯಾವ ಸೌಲಭ್ಯಕ್ಕೂ ಬೇಡ. ಇರಲಿ.

ಆಮೇಲೆ ಬಂದ ಮಾತುಗಳು ನಿಮಗೂ ಗೊತ್ತು. ಮರೆತುಬಿಡು. ಇನ್ನೂ ವಯಸ್ಸಿದೆ. ಇದ್ದಿದ್ರೆ ಅದಕ್ಕೂ ಕಷ್ಟ, ನಿಮಗೂ ಕಷ್ಟ. ಹೇಳಿದವರೆಲ್ಲ ನಮ್ಮವರೇ, ಪ್ರೀತಿಯಿಂದಲೇ ಹೇಳಿದ್ದು. ಆದರೆ ಒಂದು ವಿಚಿತ್ರ ನೋಡಿ, ಅಷ್ಟು ಜನರಲ್ಲಿ ಒಬ್ಬರೂ ಅವಳ ಹೆಸರು ಹಿಡಿದು ಮಾತಾಡಲಿಲ್ಲ. ಖಾಲಾ ಒಬ್ಬರೇ ಬಂದು, ದುವಾ ಮಾಡುವಾಗ ಹೇಳಬೇಕು, ಪೂರ್ತಿ ಹೆಸರು ಹೇಳವಾ ಅಂತ ಕೇಳಿದರು. ಚಿಕ್ಕ ಮಕ್ಕಳು ಸ್ವರ್ಗದ ಬಾಗಿಲಲ್ಲಿ ಅಪ್ಪ–ಅಮ್ಮನಿಗೆ ಕಾಯ್ತಾರೆ ಅಂತ ಅವರಲ್ಲಿ ಹೇಳ್ತಾರಂತೆ. ನನಗೆ ಸ್ವರ್ಗದ ಲೆಕ್ಕ ಗೊತ್ತಿಲ್ಲ. ಹೆಸರು ಕೇಳಿದ್ದಕ್ಕೆ ಅವರನ್ನು ತಬ್ಬಿಕೊಂಡು ಅತ್ತೆ, ಮೊದಲ ಸಲ ಗಟ್ಟಿಯಾಗಿ.

ಆಫೀಸಿಗೆ ಹತ್ತು ದಿನ ಬಿಟ್ಟು ಲಾಗಿನ್ ಆದೆ. ಖಾಸಗಿ ಕಂಪನಿಗಳಿಗೆ ಮಗು ತೀರಿಕೊಂಡ ತಾಯಿಗೆ ಇಷ್ಟು ರಜೆ ಅನ್ನುವ ಕಾನೂನು ಇಲ್ಲ. ಕಾಕತಾಳೀಯ ಅಂದರೆ ಅದೇ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ತನ್ನ ಮಹಿಳಾ ನೌಕರರಿಗೆ, ಹುಟ್ಟಿದ 28 ದಿನದೊಳಗೆ ಮಗು ತೀರಿಕೊಂಡರೆ 60 ದಿನ ವಿಶೇಷ ರಜೆ ಅಂತ ಆದೇಶ ಮಾಡಿತು. ಒಳ್ಳೆಯದು. ಆದರೆ 28 ದಿನ ದಾಟಿದ ಮಗುವಿನ ತಾಯಿಗೆ? ಅಪ್ಪನಿಗೆ? ನಿಮ್ಮಲ್ಲಿ ಎಚ್‌ಆರ್ ಕೆಲಸ ಮಾಡುವವರಿದ್ದರೆ ಇದನ್ನೊಮ್ಮೆ ಯೋಚನೆ ಮಾಡಿ. ಕಾನೂನಿಗೆ ಕಾಯಬೇಕಿಲ್ಲ.

ಎರಡನೇ ಬಸಿರಿನ ವಿಷಯ ಬೇಗ ಹೇಳುತ್ತೇನೆ, ಯಾಕೆಂದರೆ ಇದು ಉಪಯೋಗಕ್ಕೆ ಬರುವಂಥದ್ದು. ಪುಟ್ಟಿಯ ರಕ್ತ ಪರೀಕ್ಷೆಯಲ್ಲಿ ಯಾವ ಜೀನ್, ಯಾವ ದೋಷ ಅಂತ ಖಚಿತವಾಗಿ ಬರೆದಿದ್ದರಿಂದಲೇ ಮುಂದಿನ ದಾರಿ ಇತ್ತು. ನಮ್ಮಿಬ್ಬರದ್ದೂ ಪರೀಕ್ಷೆಯಾಯಿತು, ಇಬ್ಬರೂ ವಾಹಕರು. ಹನ್ನೆರಡನೇ ವಾರದಲ್ಲಿ ಗರ್ಭದ ಮಾಸಿನಿಂದ ಸಣ್ಣ ಚೂರು ತೆಗೆದು ಪರೀಕ್ಷೆ ಮಾಡಿದರು. ವರದಿ ಬರುವವರೆಗಿನ ದಿನಗಳಲ್ಲಿ ನಾವಿಬ್ಬರೂ ಮಗುವಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ನಮ್ಮ ಹಾಗೆಯೇ ವಾಹಕ, ಕಾಯಿಲೆ ಇಲ್ಲ ಅಂತ ಬಂತು. ಅಪರೂಪದ ಕಾಯಿಲೆಯ ಸಂಶಯ ಇರುವ ಮಗು ಬಹಳ ದಿನ ಇರಲಾರದು ಅಂತ ಡಾಕ್ಟರು ಹೇಳಿದರೆ, ಆ ಸಂಕಟದಲ್ಲೂ ಒಂದು ಕೇಳಿ: ರಕ್ತ ಅಥವಾ ಡಿಎನ್‌ಎ ತೆಗೆದಿಡಬಹುದಾ ಅಂತ. ಕಾರಣ ಗೊತ್ತಿಲ್ಲದೆ ಮಗುವನ್ನು ಕಳೆದುಕೊಂಡವರಿಗೆ ಮುಂದಿನ ಬಸಿರಿನಲ್ಲಿ ಏನನ್ನು ಹುಡುಕಬೇಕು ಅಂತ ಹೇಳಲು ಡಾಕ್ಟರಿಗೆ ಬಹಳ ಕಷ್ಟ.

ಮಗ ಹುಟ್ಟಿದ ಮೇಲೆ ಮನೆಯಲ್ಲಿ ಒಂದು ಅಲಿಖಿತ ನಿಯಮ ಬಂತು, ಪುಟ್ಟಿ ಮಾತು ಎತ್ತಬಾರದು. ಮಗುವಿಗೆ ಒಳ್ಳೆಯದಲ್ಲವಂತೆ. ಅದನ್ನು ಮುರಿದದ್ದು ನಾನಲ್ಲ, ಅತ್ತೆ.

ಸೀಗೆ ಹುಣ್ಣಿಮೆ ನಮ್ಮ ಕಡೆ ಭೂಮಿ ಹುಣ್ಣಿಮೆ. ಪೈರು ತೆನೆ ಕಟ್ಟುವ ಹೊತ್ತು, ಭೂಮಿತಾಯಿ ಬಸುರಿ ಅಂತ ಲೆಕ್ಕ. ರಾತ್ರಿಯೆಲ್ಲ ಬಯಕೆಯ ಅಡುಗೆ ಮಾಡಿ, ಬೆಳಕು ಹರಿಯುವ ಮುಂಚೆ ಗದ್ದೆಗೆ ಹೋಗಿ ಚರಗ ಚೆಲ್ಲುತ್ತೇವೆ. ದೀವರ ಮನೆಗಳಲ್ಲಿ ಹೆಣ್ಣುಮಕ್ಕಳು ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿ ಹೊತ್ತು ಹೋಗುವುದನ್ನು ನೋಡುವುದೇ ಒಂದು ಸಂಭ್ರಮ. ಮಗ ನಾಲ್ಕು ತಿಂಗಳವನಿದ್ದಾಗ ಅತ್ತೆ ಗದ್ದೆಯಲ್ಲಿ ಪೂಜೆ ಮುಗಿಸಿ, ಎಡೆ ಒಂದು ಬಾಳೆಲೆಯಲ್ಲಿ ತಗೊಂಡು ಯಾರಿಗೂ ಹೇಳದೆ ಮೂಲೆಗೆ ಹೋದರು. ಕಡುಬು, ಬುತ್ತಿ, ಪಲ್ಯ. ಮಾವನಿಗೆ ಒಂದು ಎಲೆ ಇಟ್ಟರು. ಪಕ್ಕದಲ್ಲಿ ಒಂದು ಚಿಕ್ಕ ಎಲೆ ಹಾಸಿ, ಸೆರಗಿನ ಗಂಟಿನಿಂದ ಒಂದು ಪುಟ್ಟ ಲೋಟ ತೆಗೆದು ಹಾಲು ಇಟ್ಟರು. ಹಿಂದೆ ನಾನು ನಿಂತಿದ್ದು ನೋಡಿ, "ಇವಳಿಗೆ ಹಲ್ಲೇ ಬಂದಿರ್ಲಿಲ್ಲಲ್ಲ, ಕಡುಬು ಹೆಂಗ್ ತಿಂತಾಳೆ" ಅಂದರು. ಮೂರು ವರ್ಷದಿಂದ ಮಾಡುತ್ತಿದ್ದಾರೆ ಅಂತ ಅವತ್ತೇ ನನಗೆ ಗೊತ್ತಾಗಿದ್ದು.

ಅಕ್ಟೋಬರ್ 15ರಂದು ಬಸಿರಿನಲ್ಲಿ, ಎಳವೆಯಲ್ಲಿ ಹೋದ ಮಕ್ಕಳ ನೆನಪಿಗೆ ಹಲವು ದೇಶಗಳಲ್ಲಿ ಸಂಜೆ ಏಳಕ್ಕೆ ದೀಪ ಹಚ್ಚುತ್ತಾರೆ. ಸೀಗೆ ಹುಣ್ಣಿಮೆಗೂ ಅದಕ್ಕೂ ಹೆಚ್ಚು ಕಡಿಮೆ ಕೆಲವೇ ದಿನದ ಅಂತರ. ನಾನೂ ಹಚ್ಚುತ್ತೇನೆ, ದೇವರ ಕೋಣೆಯಲ್ಲಲ್ಲ, ಕಿಟಕಿಯಲ್ಲಿ. ಫೋನು 'ಈ ದಿನ, ಮೂರು ವರ್ಷದ ಹಿಂದೆ' ಅಂತ ಅವಳ ಫೋಟೊ ತೋರಿಸುವುದನ್ನು ಇವರು ತಮ್ಮ ಫೋನಿನಲ್ಲಿ ನಿಲ್ಲಿಸಿದ್ದಾರೆ, ನಾನು ನಿಲ್ಲಿಸಿಲ್ಲ. ಇಬ್ಬರಿಗೂ ಒಂದೇ ರೀತಿ ನೆನಪಾಗಬೇಕು ಅಂತೇನಿಲ್ಲ.

ಇಂಥ ಮನೆಗೆ ಏನು ಹೇಳಬೇಕು ಅಂತ ಗೊತ್ತಾಗದೆ ಫೋನ್ ಮಾಡುವುದನ್ನೇ ಬಿಟ್ಟ ಗೆಳತಿಯರು ನನಗೂ ಇದ್ದಾರೆ. ನನ್ನ ಟೀಮಿನಲ್ಲಿ ಒಬ್ಬ ಹುಡುಗಿ ಇದ್ದಾಳೆ, ಹೊಸದಾಗಿ ಸೇರಿದವಳು, ಮದುವೆಯಾಗಿಲ್ಲ. ಪುಟ್ಟಿ ಹೋದ ವಾರ ಉದ್ದದ ಸಮಾಧಾನದ ಮೆಸೇಜು ಏನೂ ಕಳಿಸಲಿಲ್ಲ. "ಅವಳ ಫೋಟೊ ಇದ್ರೆ ಕಳಿಸ್ತೀರಾ? ನಾನು ನೋಡೇ ಇಲ್ಲ" ಅಂತ ಬರೆದಿದ್ದಳು. ಟೋಪಿ ಹಾಕಿದ್ದು ಕಳಿಸಿದೆ. ಅಂದಿನಿಂದ ಪ್ರತಿ ಸಂಕ್ರಾಂತಿಯ ವಾರ ಅವಳಿಂದ ಒಂದು ಮೆಸೇಜ್ ಬರುತ್ತದೆ, ಪುಟ್ಟಿಯ ಹೆಸರು ಮತ್ತು ಎಷ್ಟು ತುಂಬಿತು ಅನ್ನುವ ಅಂಕಿ, ಅಷ್ಟೆ. ಈ ವರ್ಷ ರಿಲೀಸ್ ಕೆಲಸದ ಗಡಿಬಿಡಿಯಲ್ಲಿ ಎರಡು ದಿನ ತಡವಾಗಿ ಬಂತು. ನಾಲ್ಕು.